ಹೊಳೆಯಿಂದ ದೂರದ ಮನೆ

ಮಳೆಗಾಲ ಬಂತೆಂದರೆ ನಮ್ಮ ಪತ್ರಿಕಾ ಕಚೇರಿಯ ಫೋನಿಗೆ ಬೆಳಗ್ಗೆಯಿಂದ ಒಂದೇ ಪ್ರಶ್ನೆ: "ಮಂಟಪ ಮುಳುಗಿತಾ?"

ತುಂಗೆಯೊಳಗೆ ಸೇತುವೆಯ ಪಕ್ಕ ಒಂದು ಹಳೆಯ ಕಲ್ಲು ಮಂಟಪವಿದೆ. ನೀರು ಅದರ ನೆತ್ತಿ ದಾಟಿತೆಂದರೆ ಶಿವಮೊಗ್ಗದ ಮಟ್ಟಿಗೆ ಹೊಳೆ ತುಂಬಿತು ಎಂದರ್ಥ. ಆ ದಿನ ಅಂಗಡಿಯವರು ಅರ್ಧ ಬಾಗಿಲು ಎಳೆದು ಬರುತ್ತಾರೆ, ತಾಯಂದಿರು ಕೂಸುಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರುತ್ತಾರೆ, ಸೇತುವೆಯ ತುದಿಯಲ್ಲಿ ಸುಟ್ಟ ಜೋಳದ ಗಾಡಿ ಬಂದು ನಿಲ್ಲುತ್ತದೆ. ಹೆದರಿ ಬರುವವರಿಗಿಂತ ನೆಂಟರನ್ನು ನೋಡಲು ಬಂದಂತೆ ಬರುವವರೇ ಹೆಚ್ಚು. ಮುಳುಗಿಲ್ಲ ಎಂದು ನಾವು ಫೋನಿನಲ್ಲಿ ಹೇಳಿದರೆ ಆಚೆ ಬದಿಯಲ್ಲಿ ಸ್ವಲ್ಪ ನಿರಾಸೆಯೇ ಕೇಳಿಸುತ್ತಿತ್ತು.

ವರದಿಗಾರಿಕೆಗೆ ಹೊಸದಾಗಿ ಬರುವ ಹುಡುಗ ಹುಡುಗಿಯರು ನಿಮ್ಮ ಅನುಭವ ಬರೆದುಕೊಡಿ ಎನ್ನುತ್ತಾರೆ. ಮಂತ್ರಿಗಳ ಪತ್ರಿಕಾಗೋಷ್ಠಿ, ಚುನಾವಣೆಯ ಓಡಾಟ ಎಲ್ಲರೂ ಬರೆಯುತ್ತಾರೆ. ನನ್ನ ವೃತ್ತಿಯ ದೊಡ್ಡ ಭಾಗ ನೀರಿನ ಹಿಂದೆ ಕಳೆಯಿತು. ಅದನ್ನೇ ಬರೆಯುತ್ತೇನೆ.

ನನಗೆ ಕೆಲಸ ಕಲಿಸಿದವರು ಮುಖ್ಯ ವರದಿಗಾರರಾಗಿದ್ದ ಭಟ್ಟರು. ಸಂಸ್ಕೃತ ಓದಿದವರು, ಆದರೆ ನಮ್ಮ ವರದಿಯಲ್ಲಿ ಒಂದು ಸಂಸ್ಕೃತ ಪದ ಹೆಚ್ಚಾಗಿ ಕಂಡರೂ ಕೆಂಪು ಪೆನ್ನು ತೆಗೆಯುತ್ತಿದ್ದರು. 'ತಗ್ಗು ಪ್ರದೇಶಗಳು ಜಲಾವೃತ' ಎಂದು ನಾನು ಬರೆದ ಮೊದಲ ಶೀರ್ಷಿಕೆಯನ್ನು ಎರಡು ಬೆರಳಲ್ಲಿ ಹಿಡಿದು, ಒದ್ದೆ ಬಟ್ಟೆ ಹಿಡಿದಂತೆ ತೋರಿಸಿದರು.

"ಇದು ಹೋದ ವರ್ಷದ್ದಾ, ಈ ವರ್ಷದ್ದಾ?"

"ಈ ವರ್ಷದ್ದೇ ಸಾರ್."

"ಗೊತ್ತಾಗಲ್ವಲ್ಲ ಮಾರಾಯ್ತಿ! ನೀರು ಎಲ್ಲಿಂದ ಬಂತು? ಎಲ್ಲಿವರೆಗೆ ಬಂತು? ಎಷ್ಟು ಹೊತ್ತು ನಿಂತಿತ್ತು? ಇಷ್ಟು ಬರಿ. ಉಳಿದದ್ದನ್ನ ಫೋಟೋದವನು ನೋಡ್ಕೋತಾನೆ."

ಫೋಟೋದವನು ಮುರುಗೇಶ. ಭದ್ರಾವತಿಯ ಜನ್ನಾಪುರದ ಹುಡುಗ. ತಂದೆ ಕಾರ್ಖಾನೆಯ ಕೆಲಸಕ್ಕೆಂದು ಬಂದು ಅಲ್ಲೇ ನೆಲೆಸಿದವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಬೈಯುವಾಗ ಎರಡೂ. ನನಗಿಂತ ಹತ್ತಾರು ವರ್ಷ ಚಿಕ್ಕವನು. ನನ್ನನ್ನು ಕಚೇರಿಯಲ್ಲಿ ಮೇಡಂ ಎನ್ನುತ್ತಿದ್ದ, ಕಚೇರಿಯ ಮೆಟ್ಟಿಲು ಇಳಿದರೆ ಅಕ್ಕ.

ನಾವಿಬ್ಬರೂ ಸೇರಿ ಮಾಡಿದ ಒಂದು ಎಡವಟ್ಟು ಕಚೇರಿಯಲ್ಲಿ ಬಹಳ ಕಾಲ ನಗೆಯ ವಸ್ತುವಾಗಿತ್ತು. ಭದ್ರಾವತಿಯಲ್ಲಿ ಹೊಳೆ ಏರುತ್ತಿದೆ ಎಂದು ಯಾರೋ ಹೇಳಿದರು. ಹೋದೆವು. ಬಿಸಿಲು ಹೊಡೆಯುತ್ತಿತ್ತು, ಹೆಂಗಸರು ಮಹಡಿಯ ಮೇಲೆ ಹಪ್ಪಳ ಒಣಹಾಕಿದ್ದರು. ಒಂದು ಹೋಟೆಲಿನಲ್ಲಿ ಪೂರಿ ತಿಂದು, 'ಆತಂಕವಿಲ್ಲ' ಎಂದು ಬರೆಯಲು ವಾಪಸ್ ಬಸ್ಸು ಹತ್ತಿದೆವು. ನಾವು ಶಿವಮೊಗ್ಗ ಮುಟ್ಟುವ ಹೊತ್ತಿಗೆ ಭದ್ರಾವತಿಯ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಮಳೆ ಬಿದ್ದದ್ದು ಅಲ್ಲಲ್ಲ, ಮೇಲೆ ಘಟ್ಟದಲ್ಲಿ. ಅಣೆಕಟ್ಟೆಯ ಬಾಗಿಲು ತೆಗೆದ ಮೇಲೆ ನೀರು ಊರಿಗೆ ಬರಲು ಒಂದಷ್ಟು ಹೊತ್ತು ಬೇಕು. ಆ ಹೊತ್ತಿನಲ್ಲಿ ನಾವು ಪೂರಿ ತಿಂದಿದ್ದೆವು.

"ಆಕಾಶ ನೋಡಿ ಬಂದ್ರಾ?" ಭಟ್ಟರು ಕೇಳಿದರು. "ಹಂಗಾದ್ರೆ ಇಬ್ಬರೂ ಪಂಚಾಂಗ ಬರೀರಿ. ಪೇಪರ್ ನಾನು ನೋಡ್ಕೋತೀನಿ."

ಅಂದಿನಿಂದ ಎದ್ದ ಕೂಡಲೇ ಅಣೆಕಟ್ಟೆಗಳ ಕಚೇರಿಗೆ ಫೋನು ಮಾಡುವುದು ನನ್ನ ಕೆಲಸವಾಯಿತು. ಒಳಹರಿವು ಎಷ್ಟು, ಹೊರಹರಿವು ಎಷ್ಟು. ಮೊದಲು ಟ್ರಂಕ್ ಕಾಲ್, ಆಮೇಲೆ ಮೊಬೈಲು, ಈಗ ವಾಟ್ಸಾಪ್ ಗುಂಪಿನಲ್ಲಿ ಅಂಕಿಗಳು ತಾವಾಗಿಯೇ ಬಂದು ಬೀಳುತ್ತವೆ. ಅದರ ಜೊತೆ ಬೇರೆ ಊರಿನ, ಬೇರೆ ವರ್ಷದ ಪ್ರವಾಹದ ವಿಡಿಯೋಗಳೂ ನಮ್ಮೂರಿನ ಹೆಸರಿನಲ್ಲಿ ಬಂದು ಬೀಳುತ್ತವೆ. ಹಿಂದೆ ಸುದ್ದಿ ಹುಡುಕುವುದು ಕಷ್ಟವಿತ್ತು, ಈಗ ಸುದ್ದಿಯಲ್ಲದ್ದನ್ನು ತೆಗೆದು ಹಾಕುವುದು ಕಷ್ಟ. ಕಷ್ಟದ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇದೆ.

ಹೀಗೆ ವರ್ಷಗಟ್ಟಲೆ ನೀರಿನ ಬಗ್ಗೆ ಬರೆದ ಮೇಲೆ ನನಗೊಂದು ಉಪವೃತ್ತಿ ಅಂಟಿಕೊಂಡಿತು. ಮನೆ ಕೊಳ್ಳುವವರು ಬಂದು "ಅಲ್ಲಿ ನೀರು ಬರುತ್ತಾ?" ಎಂದು ಕೇಳತೊಡಗಿದರು. ಮದುವೆಗೆ ಮೊದಲು ಹುಡುಗನ ಬಗ್ಗೆ ವಿಚಾರಿಸಿದಂತೆ. ಕಾಲೇಜು ಮೇಷ್ಟ್ರೊಬ್ಬರು ನಕಾಶೆ ತಂದು, ಮನೆಗೂ ತುಂಗೆಗೂ ನಡುವೆ ಸ್ಕೇಲು ಇಟ್ಟು, "ಇಷ್ಟು ದೂರ ಇದೆ ನೋಡಿ, ಭಯವಿಲ್ಲ ಅಲ್ವಾ?" ಎಂದಿದ್ದರು. ಅವರ ಸ್ಕೇಲು ಹೊಳೆಗೆ ಹೋಗುವ ದಾರಿಯಲ್ಲಿ ಒಂದು ಕೆರೆಯ ಕೋಡಿಯನ್ನು ದಾಟಿ ಹೋಗಿತ್ತು. ಅಡಿಕೆ ವ್ಯಾಪಾರಿಯೊಬ್ಬರು ತಮ್ಮ ಸೈಟಿಗೆ ಲೋಡುಗಟ್ಟಲೆ ಮಣ್ಣು ಹೊಡೆಸಿ ಎತ್ತರ ಮಾಡಿಕೊಂಡರು. ಮುಂದಿನ ಮಳೆಗೆ ನೀರು ಪಕ್ಕದ ಮನೆಗೆ ಹೋಯಿತು. ಇಬ್ಬರೂ ನಮ್ಮ ಕಚೇರಿಗೇ ಬಂದು, ಒಬ್ಬರ ಮೇಲೊಬ್ಬರು ಸುದ್ದಿ ಹಾಕಿ ಎಂದರು.

ಇಂಥವರಿಗೆಲ್ಲ ಸಲಹೆ ಹೇಳುವುದು ಸುಲಭ, ಏಕೆಂದರೆ ಅವರು ನಮ್ಮವರಲ್ಲ. ನಾನು ನಿವೃತ್ತಿಯಾಗುವ ಹಿಂದಿನ ಬೇಸಿಗೆಯಲ್ಲಿ ಮುರುಗೇಶನೇ ಬಂದು ಕೇಳಿದ.

ಅವನು, ಹೆಂಡತಿ ಲಲಿತಾ, ತಾಯಿ ಪೊನ್ನಮ್ಮ, ಮೂವರೂ ಜನ್ನಾಪುರದ ಬಾಡಿಗೆ ಮನೆಯಲ್ಲಿದ್ದರು. ಲಲಿತಾ ಶಿವಮೊಗ್ಗದ ಶಾಲೆಯೊಂದರಲ್ಲಿ ಟೀಚರ್. ದಿನಾ ಬಸ್ಸಿನಲ್ಲಿ ಬಂದು ಹೋಗುವುದು. ಪೊನ್ನಮ್ಮನಿಗೆ ಪಾರ್ಶ್ವವಾಯು ಹೊಡೆದು ಕಾಲು ಸ್ವಾಧೀನ ತಪ್ಪಿತ್ತು. ನಾಲಿಗೆ ಮಾತ್ರ ಚೆನ್ನಾಗಿತ್ತು. ಮೆಟ್ಟಿಲಿಲ್ಲದ, ಗಾಲಿಕುರ್ಚಿ ಓಡಾಡುವಂಥ ನೆಲಮಹಡಿಯ ಮನೆ ಅವರಿಗೆ ಬೇಕಿತ್ತು. ಇಬ್ಬರ ಉಳಿತಾಯ, ಲಲಿತಾಳ ಒಡವೆ, ಬ್ಯಾಂಕಿನ ಸಾಲ, ಎಲ್ಲ ಸೇರಿದರೆ ಒಂದು ಮನೆ. ಇನ್ನೊಂದು ಕೊಳ್ಳುವ ಅವಕಾಶ ಈ ಜನ್ಮದಲ್ಲಿ ಬರುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ಶಿವಮೊಗ್ಗದ ಗೋಪಾಳದಿಂದ ಆಚೆಗಿನ ಒಂದು ಬಡಾವಣೆಯಲ್ಲಿ ಮನೆ ಸಿಕ್ಕಿತ್ತು. ಬಡಾವಣೆಯ ಹೆಸರು ಬರೆಯುವುದಿಲ್ಲ. ಅಂಥವು ಹಲವಿವೆ, ಒಂದರ ಹೆಸರು ಬರೆದರೆ ಉಳಿದವುಗಳಲ್ಲಿ ಮನೆ ನೋಡುತ್ತಿರುವವರು ನಿಶ್ಚಿಂತೆಯಿಂದ ಮುಂಗಡ ಕೊಟ್ಟುಬಿಡುತ್ತಾರೆ.

"ಅಕ್ಕ, ನೀವು ಸುಮ್ನೆ ಒಂದ್ಸಲ ಬಂದು ನೋಡಿ, ಚೆನ್ನಾಗಿದೆ ಅನ್ನಿ, ಸಾಕು," ಎಂದ ಮುರುಗೇಶ.

"ಚೆನ್ನಾಗಿಲ್ದೆ ಇದ್ರೆ?"

"ಚೆನ್ನಾಗಿದೆ ಅಕ್ಕ. ಲಲಿತಾ ಆಗ್ಲೇ ಕರ್ಟನ್ ಬಣ್ಣ ಯೋಚ್ನೆ ಮಾಡ್ತಿದಾಳೆ."

ಮನೆ ನಿಜಕ್ಕೂ ಚೆನ್ನಾಗಿತ್ತು. ಸುತ್ತ ಕಾಂಪೌಂಡು, ಹಿಂದೆ ಎರಡು ತೆಂಗು, ಮೇಲೆ ಒಂದು ರೂಮು, ಕೆಳಗೆ ಪೂರ್ವಕ್ಕೆ ಕಿಟಕಿಯಿರುವ ಅಗಲವಾದ ಕೋಣೆ, ಅದಕ್ಕೆ ಹೊಂದಿಕೊಂಡೇ ಬಚ್ಚಲು. ಲಲಿತಾ ನನ್ನ ಕೈ ಹಿಡಿದು ಆ ಕೋಣೆಗೆ ಕರೆದುಕೊಂಡು ಹೋದಳು. "ಇದು ಅತ್ತೆ ರೂಮು. ಮಂಚ ಇಲ್ಲಿ. ಬೆಳಗ್ಗೆ ಬಿಸಿಲು ಕಾಲ ಮೇಲೆ ಬೀಳುತ್ತೆ ನೋಡಿ." ಅವಳ ದನಿಯಲ್ಲಿ ಆ ಮಂಚ ಆಗಲೇ ಬಂದು ಕೂತಿತ್ತು.

ಮಾರುವವರು ಹಾಲಪ್ಪ, ಸರ್ಕಾರಿ ಕೆಲಸದಿಂದ ನಿವೃತ್ತರು. ಊರಿನಲ್ಲಿ ಜಮೀನಿದೆ, ಮಗಳ ಮನೆಯ ಹತ್ತಿರ ಹೋಗುತ್ತಾರಂತೆ. ಮಜ್ಜಿಗೆ ಕೊಟ್ಟು ಕೂರಿಸಿದರು.

"ಮಳೆಗಾಲದಲ್ಲಿ ನೀರು ಬರುತ್ತಾ ಸಾರ್?" ಮುರುಗೇಶ ಕೇಳಿದ.

"ಹೊಳೆ ಎಲ್ಲಿ, ನಾವೆಲ್ಲಿ!" ಹಾಲಪ್ಪ ನಕ್ಕರು. "ತುಂಗೆ ಇಲ್ಲಿಗೆ ಬರ್ಬೇಕಂದ್ರೆ ಅರ್ಧ ಶಿವಮೊಗ್ಗ ಮುಳುಗ್ಬೇಕು."

ಅವರು ಹೇಳಿದ್ದು ನಿಜವೇ. ಸುಳ್ಳು ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ನಾನು ಎದ್ದು ಮನೆ ಸುತ್ತಿದೆ. ಬಚ್ಚಲ ಬಾಗಿಲಿನ ಮೇಲಿನ ಕೀಲು ಹೊಸದರಂತೆ ಹೊಳೆಯುತ್ತಿತ್ತು; ಕೆಳಗಿನದು ತುಕ್ಕು ಹಿಡಿದು ಉಬ್ಬಿತ್ತು. ಬಾಗಿಲಿನ ತಳಭಾಗಕ್ಕೆ ಅಲ್ಯೂಮಿನಿಯಂ ತಗಡು ಹೊಡೆದಿದ್ದರು. ಹಿತ್ತಿಲಿನ ಮೋಟರಿನ ಸ್ವಿಚ್ಚು ನನ್ನ ಭುಜದ ಎತ್ತರಕ್ಕಿತ್ತು. ಬೀದಿಗೆ ಬಂದು ನೋಡಿದರೆ ಆ ಸಾಲಿನ ಎಲ್ಲ ಮನೆಗಳ ಗೇಟಿನ ಕೆಳಗೂ ನೀರು ತಡೆಯುವ ಸಿಮೆಂಟಿನ ದಿಂಡು. ಒಳಗೆ ಹೋಗುವವರು ಕಾಲೆತ್ತಿ ದಾಟಬೇಕು. ಹಾಲಪ್ಪನವರ ಗೇಟಿನಲ್ಲಿ ಮಾತ್ರ ಅದನ್ನು ಇತ್ತೀಚೆಗೆ ಒಡೆದು ಸಪಾಟು ಮಾಡಿದ್ದರು. ಬೀದಿಯ ಕೊನೆಗೆ, ಮನೆಗಳ ಬೆನ್ನಿಗೆ, ಅಕೇಶಿಯಾ ಬೆಳೆದ ಉದ್ದನೆಯ ದಿಬ್ಬ. ದಿಬ್ಬವಲ್ಲ, ಕೆರೆಯ ಏರಿ.

ಪಕ್ಕದ ಮನೆಯ ಗೃಹಿಣಿ ಹೂವು ಕೊಯ್ಯುತ್ತಿದ್ದರು. ಇಲ್ಲಿ ನೀರು ಬರುತ್ತಾ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ಅವರ ಮನೆಯ ಬೆಲೆಯೂ ಅದರಲ್ಲಿದೆ. ಹೌದು-ಇಲ್ಲ ಎಂಬ ಉತ್ತರ ಬರುವ ಪ್ರಶ್ನೆಯನ್ನು ಕೇಳಲೇಬಾರದು ಎಂಬುದು ವರದಿಗಾರಿಕೆಯ ಹಳೆಯ ಪಾಠ. ನಾನು ಕೇಳಿದ್ದು ಬೇರೆ.

"ಜೋರು ಮಳೆ ಬಂದ್ರೆ ಗಾಡಿ ಎಲ್ಲಿ ನಿಲ್ಲಿಸ್ತೀರಮ್ಮ?"

"ಅಯ್ಯೋ, ಅದೊಂದು ಗೋಳು! ಮೊದ್ಲು ಗಾಡಿ ಒಯ್ದು ಮೇಲ್ಗಡೆ ಗಣಪತಿ ಗುಡಿ ಹತ್ರ ನಿಲ್ಸಿ ಬರೋದು, ಆಮೇಲೆ ಮಿಕ್ಕಿದ ಕೆಲ್ಸ. ಹೋದ್ಸಲ ನಮ್ಮನೆಯವರು ಉದಾಸೀನ ಮಾಡಿ, ಇಂಜಿನ್‌ಗೆ..." ಮಾತು ಅಲ್ಲಿಗೇ ನಿಂತಿತು. "ಯಾಕೆ, ನೀವು ಮನೆ ನೋಡೋಕೆ ಬಂದೋರಾ?"

"ಹೌದು."

"ಒಳ್ಳೆ ಮನೆ," ಎಂದು ಹೇಳಿ ಅವರು ಹೂವಿನ ಬುಟ್ಟಿಯೊಂದಿಗೆ ಒಳಗೆ ಹೋದರು.

ವಾಪಸು ಬರುವಾಗ ಕಾರಿನಲ್ಲಿ ನಾನು ಕಂಡದ್ದನ್ನು ಹೇಳಿ, ಆ ಮನೆಗೆ ಕೆರೆಯ ನೀರು ಬರುತ್ತದೆ ಎಂದೆ. ಲಲಿತಾ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಮುರುಗೇಶ ವಾದಕ್ಕಿಳಿದ.

"ಅಕ್ಕ, ಇಷ್ಟು ವರ್ಷ ಈ ಊರಿನ ಪ್ರವಾಹ ಎಲ್ಲ ತೆಗೆದಿರೋನು ನಾನು. ಒಂದೊಂದು ಬೀದಿ ಗೊತ್ತು. ಆ ಬಡಾವಣೆದು ಒಂದು ಫೋಟೋ ನನ್ನ ಹತ್ರ ಇಲ್ಲ. ನೀವೂ ಒಂದು ಸಾಲು ಬರ್ದಿಲ್ಲ. ಬಂದಿದ್ರೆ ನಮಗೆ ಗೊತ್ತಾಗ್ತಿರ್ಲಿಲ್ವಾ?"

"ಆ ದಿನಗಳಲ್ಲಿ ನಾವೆಲ್ಲಿರ್ತಿದ್ವಿ?"

ಅವನು ಗೇರು ಇಳಿಸಿದ. "ಸೇತುವೆ ಮೇಲೆ," ಎಂದ.

ಸೇತುವೆಯ ಮೇಲೆಯೇ ಇರುತ್ತಿದ್ದೆವು. ನಾವು ಮಾತ್ರವಲ್ಲ, ಎಲ್ಲ ಪತ್ರಿಕೆಯವರೂ, ಅಧಿಕಾರಿಗಳೂ, ಜೋಳ ತಿನ್ನುತ್ತ ಅರ್ಧ ಊರೂ. ಮಂಟಪದ ಕಡೆಗೆ ಮುಖ ಮಾಡಿ ನಿಂತರೆ ಕೆರೆಗಳು ಬೆನ್ನಿಗೆ ಬೀಳುತ್ತವೆ. ಕೆರೆ ತುಂಬಿ, ಕೋಡಿಯ ಕಾಲುವೆ ಈಗ ಮೋರಿಯಾಗಿ ಕಿರಿದಾಗಿ, ನೀರು ಮನೆಗಳಿಗೆ ನುಗ್ಗಿದರೆ ಅದು ನೋಡಲು ಚೆಂದವಿಲ್ಲ; ಯಾರೂ ಕೂಸು ಎತ್ತಿಕೊಂಡು ಬರುವುದಿಲ್ಲ. ಹೊಸಬರು ಇದನ್ನೊಂದು ನೆನಪಿಡಿ: ಪತ್ರಿಕೆಯಲ್ಲಿ ಬಂದಿಲ್ಲ ಎಂದರೆ ನೀರು ಬಂದಿಲ್ಲ ಎಂದಲ್ಲ. ವರದಿಗಾರ ಬಂದಿಲ್ಲ ಎಂದು, ಅಷ್ಟೇ.

ಎರಡು ದಿನ ಬಿಟ್ಟು ನಾವು ಮೂವರೂ ಮತ್ತೆ ಹಾಲಪ್ಪನವರ ಮನೆಗೆ ಹೋದೆವು. ಈ ಸಲ ಕೇಳಿದವಳು ಲಲಿತಾ. ಹೊಳೆಯ ಹೆಸರೆತ್ತಲಿಲ್ಲ.

"ಸಾರ್, ಕೆರೆ ನೀರು ಎಲ್ಲಿವರೆಗೆ ಬಂದಿತ್ತು?"

ಹಾಲಪ್ಪ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮುಚ್ಚಿಡಲಿಲ್ಲ. "ಎರಡ್ಸಲ ಬಂದಿದೆ ಕಣಮ್ಮ. ಒಂದ್ಸಲ ಮೆಟ್ಲವರೆಗೆ. ಇನ್ನೊಂದ್ಸಲ ಒಳಗೇ ಬಂತು, ಮೊಣಕಾಲ ಮಟ್ಟ. ಮಾರನೇ ದಿನ ಇಳೀತು. ನಾವು ಮೇಲಿನ ರೂಮಲ್ಲಿ ಕೂತು ಇಸ್ಪೀಟ್ ಆಡಿದ್ವಿ. ನಮ್ಮ ಮನೆಯವಳು ಆವತ್ತು ಎಲ್ಲಾ ಆಟ ಗೆದ್ಲು." ಹೇಳುತ್ತ ಅವರಿಗೇ ನಗು ಬಂತು. "ನಂಗೇನು ಸುಳ್ಳು ಹೇಳೋ ಆಸೆ ಇಲ್ಲ. ಎಲ್ರೂ ಹೊಳೆ ಬಗ್ಗೆ ಕೇಳ್ತಾರೆ, ನಾನು ಹೊಳೆ ಬಗ್ಗೆ ಹೇಳ್ತೀನಿ."

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಈಗಲೂ ಬಂದಿಲ್ಲ. ಆದರೆ ಗೇಟಿನ ದಿಂಡು ಒಡೆಸಿದ್ದನ್ನು ಮರೆತಿಲ್ಲ.

ಆ ಸಂಜೆ ಜನ್ನಾಪುರದ ಮನೆಯಲ್ಲಿ ಪಂಚಾಯಿತಿ ನಡೆಯಿತು. ಲಲಿತಾ ಇನ್ನೂ ಆ ಮನೆಯನ್ನು ಬಿಟ್ಟಿರಲಿಲ್ಲ. ಅವಳ ಲೆಕ್ಕ ತಪ್ಪೆಂದು ಹೇಳುವಂತಿರಲಿಲ್ಲ.

"ಇಷ್ಟು ವರ್ಷದಲ್ಲಿ ಎರಡೇ ಸಲ ಅಕ್ಕ. ಅದೂ ಮೊಣಕಾಲವರೆಗೆ. ಫ್ರಿಜ್ ಎತ್ತರದಲ್ಲಿ ಇಡ್ತೀವಿ. ಗೇಟಿಗೆ ಮತ್ತೆ ದಿಂಡು ಕಟ್ತೀವಿ. ಹಾಲಪ್ಪ ಸಾರ್ ಬದುಕಿಲ್ವಾ? ದಿನಾ ಬಸ್ಸಲ್ಲಿ ನೇತಾಡೋದು ನಾನು, ನೀವಲ್ಲ."

ಹಾಲಪ್ಪ ದಂಪತಿಗೆ ಆ ಮನೆಯಲ್ಲಿ ಅಪಾಯವಿರಲಿಲ್ಲ ಎಂಬುದು ಸರಿಯೇ. ನೀರು ಬಂದರೆ ಮೆಟ್ಟಿಲು ಹತ್ತಿದರು, ಇಸ್ಪೀಟು ಹಂಚಿದರು. ಅಷ್ಟರಲ್ಲಿ ಮಂಚದ ಮೇಲಿಂದ ಪೊನ್ನಮ್ಮ ಮಾತಾಡಿದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಅಡೇ ಮುರುಗಾ, ಮೊನ್ನೆ ನನ್ನ ಆಸ್ಪತ್ರೆಗೆ ಆಟೋಗೆ ಎತ್ತಿದ್ರಲ್ಲ, ಎಷ್ಟು ಜನ?"

"ನಾನು, ಲಲಿತಾ, ಆಟೋದವನು, ಪಕ್ಕದ ಮನೆ ಅಣ್ಣ. ಯಾಕಮ್ಮ?"

"ಆಟೋದವನು ಏನಂದ? ಅಜ್ಜಿ ಫ್ಯಾಕ್ಟರಿ ಕಬ್ಬಿಣ ತಿಂದು ಬೆಳೆದಂಗಿದೆ ಅಂದ." ತಾವೇ ನಕ್ಕರು. ಆಮೇಲೆ ಹೇಳಿದರು: "ಜಾಸ್ತಿ ಮಳೆ ಬಂದ ದಿನ ಇವ್ಳು ಸ್ಕೂಲಲ್ಲಿ ಮಕ್ಕಳನ್ನ ಮನೆಗೆ ಕಳಿಸ್ತಾ ಇರ್ತಾಳೆ. ನೀನು ಸೇತುವೆ ಮೇಲೆ. ನನ್ನ ಮೇಲಿನ ರೂಮಿಗೆ ಯಾರಪ್ಪ ಎತ್ತೋದು? ನೀರು ಬಂದು ಎತ್ತುತ್ತಾ?"

ಲಲಿತಾ ಎದ್ದು ಅತ್ತೆಯ ಹೊದಿಕೆ ಸರಿಮಾಡಿದಳು. ಮರುದಿನ ಮುರುಗೇಶ ಹಾಲಪ್ಪನವರಿಗೆ ಫೋನು ಮಾಡಿ ಬೇಡವೆಂದ.

ಅವರು ಕೊನೆಗೆ ಕೊಂಡದ್ದು ಶಿವಮೊಗ್ಗದ ಸವಳಂಗ ರಸ್ತೆಯ ಪಕ್ಕ, ಹಾರ್ಡ್‌ವೇರ್ ಅಂಗಡಿಯೊಂದರ ಹಿಂದಿನ ಮನೆ. ತೆಂಗಿಲ್ಲ, ಕಾಂಪೌಂಡು ಹೆಸರಿಗಷ್ಟೇ, ಕಿಟಕಿ ತೆರೆದರೆ ಪಿವಿಸಿ ಪೈಪಿನ ರಾಶಿ. ನೆಲ ಎತ್ತರದಲ್ಲಿದೆ; ಮಳೆ ನೀರು ನಾಲ್ಕೂ ಕಡೆಗೆ ಇಳಿದು ಹೋಗುತ್ತದೆ. ಕೊಳ್ಳುವ ಮೊದಲು ಮುರುಗೇಶ ಒಂದು ಮುಂಗಾರು ಪೂರ್ವ ಮಳೆಗೆ ಕಾದು, ಛತ್ರಿ ಹಿಡಿದು ಅಲ್ಲೇ ನಿಂತು ನೋಡಿ ಬಂದ. ಮನೆಯನ್ನು ಮಳೆಯಲ್ಲಿ ನೋಡಬೇಕೆಂಬುದನ್ನು ಯಾರೂ ಅವನಿಗೆ ಹೇಳಬೇಕಾಗಲಿಲ್ಲ.

ಆ ವರ್ಷದ ಮಳೆಗಾಲ ಸಪ್ಪೆಯಾಗಿ ಹೋಯಿತು. ಹಾಲಪ್ಪನವರ ಮನೆ ಅಷ್ಟರಲ್ಲಿ ಬೇರೆಯವರಿಗೆ ಮಾರಾಟವಾಗಿತ್ತು. ಅದರ ಅಂಗಳದಲ್ಲಿ ಒಂದು ಚೊಂಬು ನೀರೂ ನಿಲ್ಲಲಿಲ್ಲ. ನಾನು ಸವಳಂಗ ರಸ್ತೆಯ ಮನೆಗೆ ಹೋದಾಗಲೆಲ್ಲ ಲಲಿತಾ ಕಾಫಿ ಲೋಟದ ಜೊತೆ ಒಂದು ಮಾತು ಇಡುತ್ತಿದ್ದಳು.

"ಏನಕ್ಕ, ನಿಮ್ಮ ಕೆರೆಗೆ ರಜೆ ಕೊಟ್ಟಿದಾರಾ?"

ಹೊರಗೆ ಬಸ್ಸು ಹಾರ್ನ್ ಹೊಡೆದರೆ, "ಕೇಳ್ತಾ? ನಮ್ಮ ಮನೆ ಕೋಗಿಲೆ," ಎನ್ನುವಳು.

ಒಂದು ವರ್ಷ ನೀರು ಬರಲಿಲ್ಲವೆಂದರೆ ಅಪಾಯ ಇಲ್ಲವೆಂದಲ್ಲ ಎಂದು ನಾನು ವಿವರಿಸಬಹುದಿತ್ತು. ಮನೆ ಕೊಳ್ಳುವುದು ಒಂದು ಮಳೆಗಾಲಕ್ಕಲ್ಲ. ಆದರೆ ಬರದ ನೀರಿನ ಬಗ್ಗೆ ಎಚ್ಚರಿಸಿದವರಿಗೆ ಸಾಕ್ಷಿ ಇರುವುದಿಲ್ಲ. ಕಾಫಿ ಕುಡಿಯುತ್ತಿದ್ದೆ. ಕಾಫಿ ಚೆನ್ನಾಗಿರುತ್ತಿತ್ತು.

ಮರುವರ್ಷ ನಾನು ನಿವೃತ್ತಳಾಗಿದ್ದೆ. ಒಂದು ಬೆಳಗ್ಗೆ ಊರಿನ ಮೇಲೇ ಸುರಿಯಿತು. ಘಟ್ಟದಲ್ಲಿ ಹೇಳಿಕೊಳ್ಳುವಂಥ ಮಳೆಯಿರಲಿಲ್ಲ, ತುಂಗೆ ತನ್ನ ಪಾಡಿಗಿದ್ದಳು, ಮಂಟಪದ ಕಂಬಗಳು ಕಾಣುತ್ತಿದ್ದವು. ಶಾಲೆಗಳಿಗೆ ರಜೆ ಕೊಟ್ಟರು. ಮಳೆ ಬಿಟ್ಟು ಸ್ವಲ್ಪ ಹೊಳವಾದಾಗ ನಾನು ಆಟೋ ಹಿಡಿದು ಲಲಿತಾಳ ಮನೆಗೆ ಹೋದೆ. ಪೊನ್ನಮ್ಮನಿಗೆ ಪತ್ರೊಡೆ ಇಷ್ಟ, ಮಾಡಿಕೊಂಡು ಹೋಗಿದ್ದೆ.

ಮಧ್ಯಾಹ್ನ ಮುರುಗೇಶ ತೊಯ್ದು ತೊಪ್ಪೆಯಾಗಿ ಬಂದ. ರೇನ್‌ಕೋಟು ಬಾಗಿಲಿಗೆ ನೇತುಹಾಕಿ, ಕ್ಯಾಮೆರಾವನ್ನು ಕುರ್ಚಿಯ ಮೇಲಿಟ್ಟು ಒರೆಸಿದ. ಸೇತುವೆಗೆ ಹೋಗಿರಲಿಲ್ಲವಂತೆ. ಗೋಪಾಳದ ಆಚೆಗೆ ಹೋಗಿದ್ದನಂತೆ. ಕೆರೆ ಕೋಡಿ ಬಿದ್ದಿತ್ತು.

"ನೋಡು," ಎಂದು ಲಲಿತಾಳಿಗೆ ಕ್ಯಾಮೆರಾದ ಪರದೆ ತೋರಿಸಿದ. ಆ ಬೀದಿ, ಆ ಗೇಟು, ಹಿಂದೆ ಎರಡು ತೆಂಗು. ಕಂದು ನೀರು ಪೂರ್ವದ ಕಿಟಕಿಯ ಅಂಚಿಗಿಂತ ಒಂದು ಗೇಣು ಕೆಳಗಿತ್ತು. ಮೊಣಕಾಲಲ್ಲ, ಸೊಂಟದ ಮಟ್ಟ.

ಲಲಿತಾ ಬಹಳ ಹೊತ್ತು ನೋಡಿದಳು. ನನ್ನ ಕಡೆ ತಿರುಗಿ, ನನ್ನ ತಟ್ಟೆಗೆ ಇನ್ನೊಂದು ಪತ್ರೊಡೆ ಹಾಕಿದಳು.

"ನನಗೂ ತೋರ್ಸಪ್ಪ," ಎಂದರು ಪೊನ್ನಮ್ಮ. ಮುರುಗೇಶ ಮಂಚದ ಅಂಚಿಗೆ ಕೂತು ತೋರಿಸಿದ.

"ಈ ಕಿಟಕಿ ಯಾವ್ದು?"

"ನಿನ್ನ ರೂಮು ಆಗ್ಬೇಕಿತ್ತಲ್ಲ, ಅದೇ ಅಮ್ಮ. ಬಚಾವಾದೆ ನೀನು."

ಪೊನ್ನಮ್ಮ ಪರದೆಯನ್ನು ಹತ್ತಿರ ಎಳೆದುಕೊಂಡರು.

"ಅಲ್ಲಿ ಈಗ ಯಾರು ಮಲಗ್ತಾರೆ?"

"ಗೊತ್ತಿಲ್ಲಮ್ಮ. ಬಾಗ್ಲು ಹಾಕಿತ್ತು. ನಾನು ಬೀದಿ ತುದಿಯಿಂದ ತೆಗೆದೆ. ಕೇಳ್ಲಿಲ್ಲ."

ಪೊನ್ನಮ್ಮ ಕ್ಯಾಮೆರಾವನ್ನು ಅವನ ಕೈಗೆ ವಾಪಸು ಕೊಟ್ಟರು.

ಲಲಿತಾ ಒಳಗೆ ಹೋಗಿ ತನ್ನ ಶಾಲೆಯ ಚೀಲದಿಂದ ಪುಸ್ತಕಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಪೇರಿಸಿದಳು. ಖಾಲಿ ಚೀಲಕ್ಕೆ ಒಣ ಟವೆಲು, ಎರಡು ಸೀರೆ, ಬಿಸಿನೀರಿನ ಫ್ಲಾಸ್ಕು ತುಂಬಿದಳು. ನಾನು ಪಕ್ಕದ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ನೀರು ಹೊಕ್ಕ ಮನೆಯಿಂದ ಯಾರನ್ನಾದರೂ ಎತ್ತಬೇಕಾಗಬಹುದು, ಇಬ್ಬರು ಗಟ್ಟಿ ಆಳುಗಳು ಬನ್ನಿ ಎಂದು ಕರೆದೆ. ಯಾರನ್ನು, ಎಲ್ಲಿ ಎಂದು ಕೇಳುತ್ತಲೇ ಅವರು ಚಪ್ಪಲಿ ಮೆಟ್ಟಿದರು.

ಮುರುಗೇಶ ಇನ್ನೂ ನೀರು ಸೋರುತ್ತಿದ್ದ ರೇನ್‌ಕೋಟನ್ನೇ ಮತ್ತೆ ತೊಟ್ಟುಕೊಂಡು ಗೋಪಾಳದ ಕಡೆಗೆ ಕಾರು ಹೊರಡಿಸಿದ. ಅವನು ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ, ಮಳೆಗೆ ಹೊರಟವನ ಕೊರಳಲ್ಲಿ ಕ್ಯಾಮೆರಾ ಇರಲಿಲ್ಲ.